ಟೊಂಗಾದ ನಾರುಬಟ್ಟೆ: ಹೆಂಗಸರ ಕೈಯ ಸಂಪತ್ತು

1965ರ ಡಿಸೆಂಬರ್ 16ರಂದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಟೊಂಗಾ ದೇಶದ ರಾಣಿ ಸಾಲೋಟೆ ತೀರಿಕೊಂಡರು. ನಲವತ್ತೇಳು ವರ್ಷ ನಾಡನ್ನಾಳಿದ ರಾಣಿ. ಅವರ ಪಾರ್ಥಿವ ಶರೀರವನ್ನು ವಿಮಾನದಲ್ಲಿ ತಾಯ್ನಾಡಿಗೆ ಕಳುಹಿಸಿದಾಗ ಶವಪೆಟ್ಟಿಗೆಯ ಅಡಿಯಲ್ಲಿ ಹಾಸಿದ್ದು ರೇಷ್ಮೆಯನ್ನಲ್ಲ, ಮಖಮಲ್ಲನ್ನೂ ಅಲ್ಲ. ಗಿಡದ ತೊಗಟೆಯನ್ನು ಬಡಿದು, ಅಂಟಿಸಿ, ಬಣ್ಣ ಹಚ್ಚಿದ ನಾರುಬಟ್ಟೆಯನ್ನು. ಹನ್ನೆರಡು ವರ್ಷಗಳ ಹಿಂದೆ, 1953ರ ಡಿಸೆಂಬರಿನಲ್ಲಿ, ಬ್ರಿಟನ್ನಿನ ಹೊಸ ರಾಣಿ ಎಲಿಜಬೆತ್ ಟೊಂಗಾಕ್ಕೆ ಬಂದಿದ್ದ ಸಂದರ್ಭಕ್ಕೆಂದು ಅದೇ ಬಟ್ಟೆಯನ್ನು ಟೊಂಗಾದ ಹೆಂಗಸರು ಸಿದ್ಧಪಡಿಸಿದ್ದರು. 20 ಮೀಟರಿಗೂ ಮಿಕ್ಕಿದ ಉದ್ದದ ಆ ಬಟ್ಟೆ ಈಗ ವೆಲಿಂಗ್ಟನ್ನಿನ ಟೆ ಪಾಪಾ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬ ರಾಣಿಯ ಸ್ವಾಗತಕ್ಕೆ ಹುಟ್ಟಿದ ಬಟ್ಟೆ ಇನ್ನೊಬ್ಬ ರಾಣಿಯ ಕೊನೆಯ ಪಯಣಕ್ಕೂ ಹಾಸಾಯಿತು.

ಈ ಬಟ್ಟೆಯನ್ನು ಟೊಂಗಾದಲ್ಲಿ ಇಂದು ದಿನನಿತ್ಯ ಯಾರೂ ಉಡುವುದಿಲ್ಲ. ನೀರು ತಾಗಿದರೆ ಅದು ಮೆತ್ತಗಾಗಿ ಹರಿಯುತ್ತದೆ. ಒಗೆಯುವಂತಿಲ್ಲ, ಹಿಂಡುವಂತಿಲ್ಲ. ಹತ್ತಿ ಬಟ್ಟೆ ಬಂದು ಎರಡು ಶತಮಾನ ಕಳೆದಿದೆ. ಆದರೂ ಅದಿಲ್ಲದೆ ಅಲ್ಲಿ ಒಂದು ಮದುವೆ ಪೂರ್ಣವಾಗದು, ಒಂದು ಹೆಣ ಗೌರವದಿಂದ ಮಣ್ಣು ಸೇರದು. ಉಡಲು ಬಾರದ ಬಟ್ಟೆಗೆ ಇಷ್ಟೊಂದು ಬೆಲೆ ಬಂದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹಿಡಿದರೆ ಆ ಪುಟ್ಟ ದೇಶದ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ಕಡಲು ದಾಟಿ ಬಂದ ಗಿಡ

ಟೊಂಗಾ ದಕ್ಷಿಣ ಪೆಸಿಫಿಕ್ ಸಾಗರದ ಒಂದು ದ್ವೀಪಸಮೂಹ. ಸುಮಾರು 170 ದ್ವೀಪಗಳಲ್ಲಿ ಹೆಚ್ಚಿನವು ನಿರ್ಜನ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ದೊಡ್ಡ ದ್ವೀಪ ಟೊಂಗಾಟಾಪು, ಅಲ್ಲಿನ ನುಕುಅಲೋಫಾ ರಾಜಧಾನಿ. ಸುತ್ತಲಿನ ದ್ವೀಪಗಳೆಲ್ಲ ಒಂದೊಂದಾಗಿ ಯೂರೋಪಿನ ಸಾಮ್ರಾಜ್ಯಗಳ ಪಾಲಾದರೂ ಟೊಂಗಾದ ಸಿಂಹಾಸನ ಉಳಿದುಕೊಂಡಿತು. 1900ರಿಂದ 1970ರವರೆಗೆ ಅದು ಬ್ರಿಟನ್ನಿನ ರಕ್ಷಣೆಯಲ್ಲಿತ್ತೇ ಹೊರತು ವಸಾಹತಾಗಲಿಲ್ಲ. ಇಂದಿಗೂ ಅಲ್ಲಿ ರಾಜರಿದ್ದಾರೆ.

ಅಲ್ಲಿಯ ನಾರುಬಟ್ಟೆಗೆ ಹೊರಜಗತ್ತು ಇಟ್ಟ ಹೆಸರು 'ಟಾಪಾ'. ಟೊಂಗಾದವರ ಮಾತಿನಲ್ಲಿ ಟಾಪಾ ಎಂದರೆ ಬಟ್ಟೆಯ ಬಣ್ಣ ಹಚ್ಚದ ಅಂಚು ಮಾತ್ರ. ಯೂರೋಪಿನ ನಾವಿಕರು ಆ ಪದವನ್ನೆತ್ತಿಕೊಂಡು ಪೆಸಿಫಿಕ್ಕಿನ ಎಲ್ಲ ನಾರುಬಟ್ಟೆಗಳಿಗೂ ಅನ್ವಯಿಸಿಬಿಟ್ಟರು. ಬಣ್ಣ, ಚಿತ್ತಾರಗಳಿಂದ ಸಿದ್ಧವಾದ ಬಟ್ಟೆಗೆ ಟೊಂಗಾದಲ್ಲಿ 'ಙತು' ಎನ್ನುತ್ತಾರೆ. ನಮ್ಮ ಮಕ್ಕಳು ಕಾಗುಣಿತದಲ್ಲಿ ಕಲಿತು, ಆಮೇಲೆ ಯಾವ ಪದದ ಮೊದಲಲ್ಲೂ ಕಾಣದ ಙ ಅಕ್ಷರ ಅವರ ನುಡಿಯಲ್ಲಿ ಪದದ ತಲೆಯಲ್ಲೇ ಕೂರುತ್ತದೆ.

ಈ ಬಟ್ಟೆ ಹುಟ್ಟುವುದು ಹಿಪ್ಪುನೇರಳೆಯ ಬಳಗಕ್ಕೆ ಸೇರಿದ 'ಹಿಯಾಪೊ' ಎಂಬ ಗಿಡದಿಂದ. ಚೀನಾ, ಕೊರಿಯಾ, ಜಪಾನುಗಳಲ್ಲಿ ಕಾಗದ ಮಾಡಲು ಬಳಸಿದ್ದೂ ಈ ಗಿಡದ ಮತ್ತು ಇದರ ಹತ್ತಿರದ ಸಂಬಂಧಿಗಳ ನಾರನ್ನೇ. ಒಂದೇ ನಾರು ಏಷ್ಯಾದ ತೀರದಲ್ಲಿ ಬರೆಯುವ ಹಾಳೆಯಾಯಿತು. ಸಾಗರದ ನಡುವೆ ಉಡುವ, ಹಾಸುವ, ಹೊದೆಯುವ ಬಟ್ಟೆಯಾಯಿತು.

ಹಿಯಾಪೊ ಪೆಸಿಫಿಕ್ ದ್ವೀಪಗಳ ಕಾಡುಗಿಡವಲ್ಲ. ಮನುಷ್ಯರೇ ಅದನ್ನು ದೋಣಿಗಳಲ್ಲಿ ಹೊತ್ತು ತಂದರು. ಇದಕ್ಕೆ ಗಿಡದೊಳಗೇ ಸಾಕ್ಷ್ಯವಿದೆ. 2015ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯೊಂದು ಪೆಸಿಫಿಕ್ಕಿನ ಹಿಯಾಪೊ ಗಿಡಗಳ ಮೂಲವನ್ನು ತೈವಾನಿನವರೆಗೆ ಗುರುತಿಸಿತು. ಮರುವರ್ಷದ ಅಧ್ಯಯನದಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು. ಈ ಜಾತಿಯಲ್ಲಿ ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ಆದರೆ ದೂರದ ದ್ವೀಪಗಳಲ್ಲಿರುವ ಹಳೆಯ ತಳಿಯ ಗಿಡಗಳೆಲ್ಲ ಹೆಣ್ಣೇ. ಗಂಡಿಲ್ಲದೆಡೆ ಬೀಜವಿಲ್ಲ. ಬೀಜವಿಲ್ಲದೆ ಈ ಗಿಡ ಸಾವಿರಾರು ಮೈಲಿ ದಾಟಿದೆಯೆಂದರೆ ಪ್ರತಿಯೊಂದು ದ್ವೀಪದಲ್ಲೂ ಯಾರೋ ಬೇರಿನ ಮೋಸನ್ನೋ ಕಡ್ಡಿಯನ್ನೋ ಒದ್ದೆಯಾಗಿ ಕಾಪಾಡಿ ತಂದು ನೆಟ್ಟಿದ್ದಾರೆಂದೇ ಅರ್ಥ. ಟೊಂಗಾದಲ್ಲಿ ಮನುಷ್ಯರು ಮೊದಲು ನೆಲೆಸಿದ್ದು ಸುಮಾರು 2800 ವರ್ಷಗಳ ಹಿಂದೆ. ತಿನ್ನುವ ಗೆಡ್ಡೆಗಳ ಜೊತೆಗೆ ಬಟ್ಟೆಯ ಗಿಡವನ್ನೂ ಹೊತ್ತು ತಿರುಗಿದ ಜನ ಅವರು.

ನಾರುಬಟ್ಟೆ ಎಂದರೆ ನಮಗೆ ನೆನಪಾಗುವುದು ವನವಾಸದ ನಾರುಮಡಿ, ಋಷಿಗಳ ವಲ್ಕಲ. ಅದು ಬರಿಯ ಪುರಾಣದ ಮಾತಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅಜ್ಜನಪಟ್ಟೆ ಎಂಬ ಮರದ ತೊಗಟೆಯನ್ನು ನೆನೆಸಿ, ಬಡಿದು, ಇಡಿಯಾಗಿ ಕಳಚಿ ಅಕ್ಕಿ ತುಂಬುವ ಚೀಲ ಮಾಡುತ್ತಿದ್ದುದನ್ನು 19ನೇ ಶತಮಾನದ ಸಸ್ಯಶಾಸ್ತ್ರ ಗ್ರಂಥಗಳು ದಾಖಲಿಸಿವೆ. ಆದರೆ ನಮ್ಮಲ್ಲಿ ನಾರುಮಡಿ ತ್ಯಾಗದ ಗುರುತು. ಸಂಪತ್ತನ್ನು ಬಿಟ್ಟವರ ಉಡುಪು. ಟೊಂಗಾದಲ್ಲಿ ಅದೇ ಸಂಪತ್ತು.

ಬಡಿತದ ಸದ್ದು

ಹಿಯಾಪೊ ಗಿಡಗಳನ್ನು ಒತ್ತೊತ್ತಾಗಿ ನೆಡುತ್ತಾರೆ. ಹಾಗೆ ನೆಟ್ಟರೆ ಕಾಂಡ ಕವಲೊಡೆಯದೆ ನೇರ ಮೇಲೇರುತ್ತದೆ. ಪಕ್ಕದಲ್ಲಿ ಮೂಡುವ ಚಿಗುರನ್ನು ಆಗಾಗ ಚಿವುಟುತ್ತಿರಬೇಕು. ಬಿಟ್ಟರೆ ಕೊಂಬೆಯಿದ್ದ ಜಾಗದಲ್ಲಿ ತೊಗಟೆಗೆ ತೂತು ಬೀಳುತ್ತದೆ, ಆ ತೂತು ಬಟ್ಟೆಯವರೆಗೂ ಬರುತ್ತದೆ. ಒಂದು ಒಂದೂವರೆ ವರ್ಷದಲ್ಲಿ ಗಿಡ ಆಳೆತ್ತರವನ್ನು ಮೀರಿ, ಕಾಂಡ ಹೆಬ್ಬೆರಳ ಗಾತ್ರಕ್ಕೆ ಬಂದಾಗ ಕಡಿಯುತ್ತಾರೆ. ನೆಡುವುದು, ಕಡಿಯುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಅಲ್ಲಿಂದ ಮುಂದೆ ಎಲ್ಲವೂ ಹೆಂಗಸರದು.

ಸುಲಿದ ತೊಗಟೆಯ ಹೊರಸಿಪ್ಪೆಯನ್ನು ಹೆರೆದು ತೆಗೆದರೆ ಒಳಗೆ ಬಿಳಿಯ ನಾರಿನ ಪಟ್ಟಿ ಸಿಗುತ್ತದೆ. ಅದನ್ನು ಒಣಗಿಸಿ ಸುರುಳಿ ಸುತ್ತಿಟ್ಟು, ಬೇಕಾದಾಗ ನೀರಿನಲ್ಲಿ ನೆನೆಸಿ ಬಡಿಯುತ್ತಾರೆ. ಉದ್ದನೆಯ ಮರದ ದಿಮ್ಮಿಯ ಮುಂದೆ ಕಾಲು ಚಾಚಿ ಕುಳಿತು 'ಇಕೆ' ಎಂಬ ನಾಲ್ಕು ಮುಖದ ಕೊಡತಿಯಿಂದ ಬಡಿಯುವ ಕೆಲಸ ಅದು. ಕೊಡತಿಯ ಕೆಲವು ಮುಖಗಳಲ್ಲಿ ಗೀರುಗಳಿವೆ, ಒಂದು ಮುಖ ನಯ. ಮೊದಲು ಗೀರಿನ ಮುಖದಿಂದ ಬಡಿದರೆ ನಾರು ಅಗಲಕ್ಕೆ ಹರಡಿಕೊಳ್ಳುತ್ತದೆ. ಆಮೇಲೆ ನಯವಾದ ಮುಖದಿಂದ ಬಡಿದು ಸಮಮಾಡುತ್ತಾರೆ. ಕೆಲವೇ ಬೆರಳಗಲದ ಪಟ್ಟಿ ಬಡಿತ ತಿಂದು ತಿಂದು ಗೇಣಗಲಕ್ಕೂ ಮೀರಿ ಹಿಗ್ಗುತ್ತದೆ. ಇಬ್ಬರು ಮೂವರು ಒಂದೇ ದಿಮ್ಮಿಗೆ ಕೂತರೆ ಏಟುಗಳು ತಾಳ ಹಿಡಿಯುತ್ತವೆ. ದಿಮ್ಮಿಯ ಅಡಿಭಾಗ ಟೊಳ್ಳಾದ್ದರಿಂದ ಸದ್ದು ಊರಾಚೆಗೂ ಕೇಳುತ್ತದೆ.

ಹೀಗೆ ದೊರೆತ ಬಿಳಿ ಹಾಳೆಗಳನ್ನು ಜೋಡಿಸಿ ಒಂದು ದೊಡ್ಡ ಬಟ್ಟೆ ಮಾಡುವುದು ಒಬ್ಬಳ ಕೈಯಿಂದ ಆಗುವಂಥದ್ದಲ್ಲ. ಅದಕ್ಕೆ 'ಕೋಕಾಅಙಾ' ಎಂಬ ಕೂಡುಕೆಲಸ. ಉದ್ದನೆಯ, ಮೇಲ್ಮೈ ಕಮಾನಿನಂತೆ ಬಾಗಿದ ಹಲಗೆಯ ಎರಡೂ ಬದಿಗೆ ಹೆಂಗಸರು ಎದುರುಬದುರು ಕೂರುತ್ತಾರೆ. ಹಲಗೆಗೆ 'ಕುಪೇಸಿ' ಎಂಬ ಅಚ್ಚುಗಳನ್ನು ಕಟ್ಟಿರುತ್ತಾರೆ. ಎಲೆಯ ಹಾಸಿನ ಮೇಲೆ ತೆಂಗಿನ ಗರಿಯ ಕಡ್ಡಿಗಳನ್ನು ಚಿತ್ತಾರದ ಆಕಾರದಲ್ಲಿಟ್ಟು ಹೊಲಿದು ಮಾಡಿದ ಅಚ್ಚುಗಳು ಅವು. ಅದರ ಮೇಲೆ ಒಂದು ಪದರ ಹಾಳೆ ಅಡ್ಡಕ್ಕೆ, ಇನ್ನೊಂದು ಪದರ ಉದ್ದಕ್ಕೆ. ನಡುವೆ ಅಂಟಾಗಿ ಅರೆಬೆಂದ ಗೆಡ್ಡೆಯನ್ನು ಉಜ್ಜುತ್ತಾರೆ. ಎಳೆಗಳು ಅಡ್ಡಡ್ಡ ಬೀಳುವುದರಿಂದ ಬಟ್ಟೆ ಎರಡು ದಿಕ್ಕಿಗೂ ಗಟ್ಟಿ.

ಇಷ್ಟಾದ ಮೇಲೆ ಬಣ್ಣದ ಉಂಡೆಯಿಂದ ಮೇಲೆ ಒತ್ತಿ ಉಜ್ಜಿದರೆ ಅಡಿಯ ಅಚ್ಚಿನ ಗೆರೆಗಳು ಕಂದಾಗಿ ಮೂಡುತ್ತವೆ. ಕಾಗದದ ಕೆಳಗೆ ನಾಣ್ಯವಿಟ್ಟು ಪೆನ್ಸಿಲಿನಿಂದ ಉಜ್ಜುವ ಮಕ್ಕಳಾಟದ್ದೇ ಉಪಾಯ. ಕಂದು ಬಣ್ಣ 'ಕೋಕಾ' ಮರದ ತೊಗಟೆಯ ರಸ. ಕೂಡುಕೆಲಸಕ್ಕೆ ಹೆಸರು ಬಂದದ್ದೂ ಅದರಿಂದಲೇ. ಈ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಎಣ್ಣೆಕಾಯಿಗಳನ್ನು ಸುಟ್ಟು ಹಿಡಿದ ಮಸಿಯಿಂದ ಕಪ್ಪು ಬಣ್ಣ. ಮಸಿಯಲ್ಲಿ ಕಪ್ಪಗೆ ಮಾಡಿದ 'ಙತು ಉಲಿ' ಅರಸರಿಗೆ, ದೊರೆಮನೆತನಗಳಿಗೆ ಸಲ್ಲುವಂಥದ್ದು. ಕೊನೆಯಲ್ಲಿ ಬಿಸಿಲಿಗೆ ಹಾಸಿ, ಮಸುಕಾಗಿ ಮೂಡಿದ ಗೆರೆಗಳ ಮೇಲೆ ಕೇದಗೆ ಜಾತಿಯ ಹಣ್ಣಿನ ಒಣ ತೊಳೆಯನ್ನೇ ಕುಂಚ ಮಾಡಿಕೊಂಡು ಗಾಢ ಬಣ್ಣ ತುಂಬುತ್ತಾರೆ.

ಬಟ್ಟೆಯನ್ನು ಅಳೆಯುವುದು 'ಲಙಙಾ' ಎಂಬ ಅಂಕಣದ ಲೆಕ್ಕದಲ್ಲಿ. ಹಲಗೆಯ ಮೇಲೆ ಒಂದು ಸಲಕ್ಕೆ ಉಜ್ಜುವಷ್ಟು ಅಗಲ ಒಂದು ಅಂಕಣ. ಅಂಚಿನಲ್ಲಿ ಅಂಕಣಗಳ ಸಂಖ್ಯೆಯನ್ನೂ ಬರೆಯುವುದುಂಟು. 50 ಅಂಕಣದ ಬಟ್ಟೆ 'ಲೌನಿಮಾ', 100 ಅಂಕಣದ್ದು 'ಲೌತೆಫುಹಿ'. ರಾಣಿ ಸಾಲೋಟೆಯ ಶವಪೆಟ್ಟಿಗೆಯ ಕೆಳಗಿದ್ದದ್ದು ಲೌನಿಮಾ.

ಸೋದರತ್ತೆಯ ಪಾಲು

ಟೊಂಗಾದ ಸಮಾಜದಲ್ಲಿ ಗಂಡಸರ ದುಡಿಮೆಯ ಫಲ ಒಂದು ಬಗೆ, ಹೆಂಗಸರ ದುಡಿಮೆಯ ಫಲ ಇನ್ನೊಂದು ಬಗೆ. ಗೆಣಸು, ಹಂದಿ, ಕಾವಾ ಪಾನೀಯದ ಬೇರು ಗಂಡಸರದು. ನಾರುಬಟ್ಟೆ, ಸಣ್ಣ ಹೆಣಿಗೆಯ ಚಾಪೆ, ಸುಗಂಧ ತೈಲ ಹೆಂಗಸರದು. ಮೊದಲಿನದು 'ಙಾವುಎ', ಎಂದರೆ ಕೆಲಸ. ಎರಡನೆಯದು 'ಕೊಲೋವಾ', ಎಂದರೆ ಸಂಪತ್ತು. ಗೆಣಸು ತಿಂದರೆ ಮುಗಿಯಿತು, ಹಂದಿ ಸುಟ್ಟರೆ ಮುಗಿಯಿತು. ಬಟ್ಟೆ ಮತ್ತು ಚಾಪೆ ತಲೆಮಾರು ದಾಟಿ ಉಳಿಯುತ್ತವೆ. ಸಂಪತ್ತು ಎಂಬ ಹೆಸರು ಉಳಿಯುವ ವಸ್ತುವಿಗೇ ಸಂದಿದೆ.

ಈ ವ್ಯವಸ್ಥೆಯ ನಡುವೆ ನಿಂತವಳು ಸೋದರತ್ತೆ. ಟೊಂಗಾದ ಕುಟುಂಬದಲ್ಲಿ ಅಣ್ಣತಮ್ಮಂದಿರಿಗಿಂತ ಅಕ್ಕತಂಗಿಯರ ಸ್ಥಾನ ಮೇಲು. ತಂದೆಯ ಅಕ್ಕನಾದವಳು, ಅವಳ ನಂತರ ಅವಳ ಮಕ್ಕಳು, ತವರಿನ ಸಮಾರಂಭಗಳಲ್ಲಿ 'ಫಾಹು' ಎಂಬ ಗೌರವಕ್ಕೆ ಹಕ್ಕುದಾರರು. ಮದುವೆಯಲ್ಲಿ, ಮಗುವಿನ ಮೊದಲ ಹುಟ್ಟುಹಬ್ಬದಲ್ಲಿ ಅವಳಿಗೆ ಉನ್ನತ ಆಸನ. ಸಾವಿನ ಮನೆಯಲ್ಲಿ ಅವಳು ಹೆಣದ ತಲೆಯ ಬಳಿ ಕೂರುತ್ತಾಳೆ. ಬಂದ ಬಟ್ಟೆ, ಚಾಪೆಗಳಲ್ಲಿ ಮೇಲಾದದ್ದು ಅವಳಿಗೆ ಸಲ್ಲುತ್ತದೆ.

ಬಂಧುಗಳು ತಂದ ಬಟ್ಟೆಯನ್ನು ಮಡಿಕೆ ಬಿಚ್ಚಿ, ಹೆಂಗಸರು ಸಾಲಾಗಿ ಎತ್ತಿ ಹಿಡಿದು ಎಲ್ಲರೂ ನೋಡುವಂತೆ ತರುತ್ತಾರೆ. ಕೊಡುವುದರಷ್ಟೇ ಕೊಟ್ಟದ್ದು ಕಾಣುವುದೂ ಮುಖ್ಯ. ಪಡೆದವರು ಅದನ್ನು ಇಟ್ಟುಕೊಂಡು ಕೂರುವುದೂ ಇಲ್ಲ. ಮನೆಯಲ್ಲಿ ಮಂಚದ ಹಾಸಿಗೆಯ ಕೆಳಗೆ ಮಡಿಸಿಟ್ಟ ಬಟ್ಟೆ ಇನ್ನೊಂದು ಮನೆಯ ಮದುವೆಗೆ, ಮತ್ತೊಂದು ಮನೆಯ ಸಾವಿಗೆ ಹೊರಡುತ್ತದೆ. ಬೇಕಾದರೆ ಅಂಕಣ ಎಣಿಸಿ ಕತ್ತರಿಸಿ ಹಂಚುತ್ತಾರೆ. ಯಾರು ಯಾರಿಗೆ ಏನಾಗಬೇಕು, ಯಾರ ಋಣ ಯಾರ ಮೇಲಿದೆ ಎಂಬುದರ ಲೆಕ್ಕಪುಸ್ತಕವೇ ಈ ಬಟ್ಟೆ.

ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದನೇ ಜಾರ್ಜ್ ಟುಪೌ ರಾಜ 1875ರಲ್ಲಿ ಕೊಟ್ಟ ಸಂವಿಧಾನ ಭೂಮಿಯ ಮಾರಾಟವನ್ನು ನಿಷೇಧಿಸಿತು. ಆ ದೇಶದ ನೆಲ ಪರರ ಕೈಸೇರದೆ ಉಳಿದದ್ದಕ್ಕೆ ಇದೂ ಒಂದು ಕಾರಣ. ಮುಂದೆ ಬಂದ ಭೂಕಾನೂನಿನಲ್ಲಿ 16 ತುಂಬಿದ ಪ್ರತಿ ಗಂಡಸಿಗೆ 8.25 ಎಕರೆ ಜಮೀನಿನ ಹಕ್ಕು ದೊರೆಯಿತು. ಹೆಣ್ಣಿಗೆ ಆ ಹಕ್ಕು ದೊರೆಯಲಿಲ್ಲ. ಮನೆಗೆ ದೊಡ್ಡವಳಾದರೂ ನೆಲ ಅವಳ ಹೆಸರಿಗಿಲ್ಲ. ತನ್ನದೆಂದು ಹೇಳಿಕೊಂಡು ಕೊಡಲು, ಪಡೆಯಲು, ಕೂಡಿಡಲು ಅವಳಿಗಿದ್ದದ್ದು ಕೊಲೋವಾ. ಅದರಲ್ಲಿ ನಾರುಬಟ್ಟೆ ದೊಡ್ಡ ಪಾಲು. ಅದು ಬರಿಯ ಅಲಂಕಾರವಲ್ಲದಿರುವುದಕ್ಕೆ ಇದೇ ಕಾರಣ.

ಹತ್ತಿ ಬಂದಾಗ

ಡಚ್ ನಾವಿಕ ಏಬಲ್ ಟಾಸ್ಮನ್ 1643ರಲ್ಲಿ ಟೊಂಗಾಟಾಪುವಿಗೆ ಬಂದ. ಜೇಮ್ಸ್ ಕುಕ್ 1773, 1774 ಮತ್ತು 1777ರಲ್ಲಿ ಬಂದು, ಸಿಕ್ಕ ಆದರಕ್ಕೆ ಮೆಚ್ಚಿ 'ಸ್ನೇಹದ ದ್ವೀಪಗಳು' ಎಂದು ಹೆಸರಿಟ್ಟ. ಆ ಯಾನಗಳಲ್ಲಿ ಯೂರೋಪಿಗೆ ಹೋದ ನಾರುಬಟ್ಟೆಗಳನ್ನು ತುಂಡು ತುಂಡಾಗಿ ಕತ್ತರಿಸಿ, ಹಾಳೆಗಳಾಗಿ ಹೊಲಿದು, ಅಲೆಕ್ಸಾಂಡರ್ ಷಾ ಎಂಬಾತ 1787ರಲ್ಲಿ ಲಂಡನ್ನಿನಲ್ಲಿ ಮಾದರಿಗಳ ಪುಸ್ತಕವನ್ನೇ ಹೊರತಂದ. 1806ರಲ್ಲಿ ಹಾಪೈ ದ್ವೀಪಗಳಲ್ಲಿ ಸೆರೆಸಿಕ್ಕ ಹಡಗಿನ ಹುಡುಗ ವಿಲಿಯಂ ಮ್ಯಾರಿನರ್ ನಾಲ್ಕು ವರ್ಷ ಅಲ್ಲೇ ಬೆಳೆದ. ಅವನ ಬಾಯಿಂದ ಕೇಳಿ ಜಾನ್ ಮಾರ್ಟಿನ್ ಎಂಬ ವೈದ್ಯರು 1817ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಙತು ತಯಾರಿಯ ವಿವರವಾದ ವರ್ಣನೆಯಿದೆ. ಇಂದಿನ ಕೂಡುಕೆಲಸವನ್ನು ನೋಡಿದವರಿಗೆ ಆ ವರ್ಣನೆ ಅಪರಿಚಿತವೆನಿಸದು.

1820ರ ದಶಕದಲ್ಲಿ ಮೆಥಡಿಸ್ಟ್ ಪಾದ್ರಿಗಳು ನೆಲೆಯೂರಿದರು. ಮುಂದೆ ಒಂದನೇ ಜಾರ್ಜ್ ಟುಪೌ ಎಂದಾದ ತೌಫಾಹೌ 1831ರಲ್ಲಿ ಕ್ರೈಸ್ತ ದೀಕ್ಷೆ ಪಡೆದ. ಹತ್ತಿ ಬಟ್ಟೆ ತೊಡುವುದು ನಾಗರಿಕತೆಯ, ಧರ್ಮದ ಗುರುತಾಯಿತು. ಹವಾಯಿ, ತಾಹಿತಿ ದ್ವೀಪಗಳಲ್ಲಿ ನಾರುಬಟ್ಟೆಯ ಕಸುಬು ಇದೇ ಕಾಲದಲ್ಲಿ ಬಹುಮಟ್ಟಿಗೆ ನಿಂತುಹೋಯಿತು. ಟೊಂಗಾದಲ್ಲಿ ನಿಲ್ಲಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಹತ್ತಿ ಬಂದು ಕಸಿದುಕೊಂಡದ್ದು ನಿತ್ಯದ ಉಡುಗೆಯ ಕೆಲಸವನ್ನಷ್ಟೆ. ಒಗೆಯಬಹುದಾದ ಬಟ್ಟೆ ಸಿಕ್ಕಾಗ ಒಗೆಯಲಾಗದ ಬಟ್ಟೆಯನ್ನು ಹೊಲಕ್ಕೆ, ಅಡುಗೆಮನೆಗೆ ಯಾರೂ ಉಡುವುದಿಲ್ಲ. ಆದರೆ ಋಣ ತೀರಿಸುವ, ಗೌರವ ತೋರುವ, ಹೆಣ ಸಾಗಿಸುವ ಕೆಲಸವನ್ನು ಅಂಗಡಿಯಲ್ಲಿ ಕೊಂಡ ಥಾನು ಮಾಡಲಾರದು. ಅದಕ್ಕೆ ಬಂಧುಗಳ ಕೈಯ ದುಡಿಮೆಯೇ ಬೇಕು. ರಾಜಮನೆತನ ಉಳಿದದ್ದರಿಂದ ಪಟ್ಟಾಭಿಷೇಕ, ರಾಜವಿವಾಹ, ರಾಜಶೋಕಗಳೂ ಉಳಿದವು. ಅವುಗಳಿಗೆ ಹಾಸುಬಟ್ಟೆಯ ಅಗತ್ಯವೂ ಉಳಿಯಿತು. ನಿತ್ಯದ ಸವೆತದಿಂದ ಬಿಡುಗಡೆಯಾದ ನಾರುಬಟ್ಟೆ ಪೂರ್ತಿ ಸಮಾರಂಭದ ವಸ್ತುವಾಯಿತು.

ಹೊಸ ಕಾಲ ಬಟ್ಟೆಯ ಮೇಲೂ ಕಂಡಿತು. ಎರಡು ಹಕ್ಕಿಗಳೆಂಬ ಅರ್ಥದ 'ಮಾನುಲುವಾ'ದಂಥ ಹಳೆಯ ಚಿತ್ತಾರಗಳ ಪಕ್ಕದಲ್ಲಿ ರಾಜಲಾಂಛನದ ಮೂರು ಕತ್ತಿ, ಕಿರೀಟ, ಪಾರಿವಾಳ ಬಂದವು. ಟೊಂಗಾದಲ್ಲಿಲ್ಲದ ಸಿಂಹ ಬಂತು. ಅರಮನೆಯ ದಾರಿಯ ಪೈನ್ ಮರಗಳ ಸಾಲು ಬಂತು. ಎರಡನೇ ಮಹಾಯುದ್ಧದಲ್ಲಿ ಟೊಂಗಾದ ಜನ ಚಂದಾ ಎತ್ತಿ ಬ್ರಿಟನ್ನಿಗೆ ಸ್ಪಿಟ್‌ಫೈರ್ ಯುದ್ಧವಿಮಾನಗಳಿಗಾಗಿ ಹಣ ಕೊಟ್ಟರು. ಆ ವಿಮಾನಗಳೂ ನಾರುಬಟ್ಟೆಯ ಚಿತ್ತಾರವಾದವು.

1953ರಲ್ಲಿ ರಾಣಿ ಸಾಲೋಟೆ 'ಲಙಾಫೊನುವಾ' ಎಂಬ ಮಹಿಳಾ ಸಂಘಟನೆಯನ್ನು ಕಟ್ಟಿದರು. ಕರಕುಶಲ ವಸ್ತುಗಳ ಮಾರಾಟದಿಂದ ಹೆಂಗಸರ ಕೈಗೆ ನಾಲ್ಕು ಕಾಸು ಬರಲಿ ಎಂಬುದೂ ಅದರ ಉದ್ದೇಶವಾಗಿತ್ತು. ಕೊಡುಗೆಯ ವಸ್ತು ಮಾರಾಟದ ಸರಕೂ ಆಗುವ ದಾರಿ ಹೀಗೆ ತೆರೆಯಿತು.

ಒತ್ತೆಯಂಗಡಿಯ ಬಾಗಿಲಲ್ಲಿ

ಇಂದು ಟೊಂಗಾದಲ್ಲಿರುವಷ್ಟೇ, ಅದಕ್ಕಿಂತ ಹೆಚ್ಚೇ ಟೊಂಗನ್ನರು ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿದ್ದಾರೆ. ಅವರು ಕಳುಹಿಸುವ ಹಣದ ಮೇಲೆ ದೇಶ ನಡೆಯುತ್ತಿದೆ. ಹಣ ಇತ್ತ ಬಂದರೆ ಬಟ್ಟೆ ಅತ್ತ ಹೋಗುತ್ತದೆ. ಆಕ್ಲೆಂಡಿನಲ್ಲಿ ಮಗಳ ಮದುವೆಯಾದರೂ ಅಲ್ಲಿ ಹಾಸಲು ಙತು ಬೇಕೇ ಬೇಕು. ಬೇಡಿಕೆ ಕುಗ್ಗಿಲ್ಲ, ಬಡಿಯುವ ಕೈಗಳಿಗೆ ಬಿಡುವಿಲ್ಲ. ಕಚೇರಿಗೆ, ಶಾಲೆಗೆ, ಪರದೇಶಕ್ಕೆ ಹೋದ ಹೆಣ್ಣುಮಕ್ಕಳು ದಿನಗಟ್ಟಲೆ ದಿಮ್ಮಿಯ ಮುಂದೆ ಕೂರಲಾರರು.

ನ್ಯೂಜಿಲೆಂಡಿನ ಟೊಂಗನ್ ಹೆಂಗಸರು ಇದಕ್ಕೊಂದು ದಾರಿ ಕಂಡುಕೊಂಡರು. ದರ್ಜಿಗಳು ಅಂಗಿಯ ಕಾಲರಿನೊಳಗೆ ಇಡುವ ಬಕ್ರಮ್ಮಿನಂಥ ಕೃತಕ ಬಟ್ಟೆಯನ್ನು ತಂದು, ಕೂಡಿ ಕುಳಿತು, ಅದೇ ಚಿತ್ತಾರ ಬರೆದರು. ಅದಕ್ಕೆ 'ಙತು ಪೆಪಾ', ಕಾಗದದ ಙತು, ಎಂದು ಹೆಸರು. ಕೆಲವೊಮ್ಮೆ ಒಂದು ಪದರ ನಾರು, ಇನ್ನೊಂದು ಪದರ ಕೃತಕ. ಇದು ನಿಜವಾದ ಕೊಲೋವಾ ಹೌದೇ ಎಂಬ ಚರ್ಚೆ ಇದೆ. ಅಸಲಿಯ ಸಮಕ್ಕೆ ಅದು ನಿಲ್ಲದು ಎನ್ನುವವರೂ, ಕೂಡಿ ದುಡಿದದ್ದು ಸುಳ್ಳಲ್ಲವಲ್ಲ ಎನ್ನುವವರೂ ಇದ್ದಾರೆ.

ಇನ್ನೊಂದು ಬದಲಾವಣೆ ಇದಕ್ಕಿಂತ ಕಹಿ. ಟೊಂಗಾದಲ್ಲಿ ಒತ್ತೆಯಂಗಡಿಗಳು ತಲೆಯೆತ್ತಿವೆ. ಶಾಲೆಯ ಶುಲ್ಕಕ್ಕೋ, ಚರ್ಚಿನ ವಾರ್ಷಿಕ ಕಾಣಿಕೆಗೋ ಹಣ ಬೇಕಾದಾಗ ಹೆಂಗಸರು ನಾರುಬಟ್ಟೆ, ಚಾಪೆಗಳನ್ನು ಅಲ್ಲಿ ಒತ್ತೆ ಇಡುತ್ತಾರೆ. ಮಾನವಶಾಸ್ತ್ರಜ್ಞರಾದ ಪಿಂಗ್-ಆನ್ ಆಡೋ ಮತ್ತು ನಿಕೊ ಬೆನ್ಯೇ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವ್ಯವಹಾರಕ್ಕೆ ಅಂಟಿದ ನಾಚಿಕೆಯನ್ನು ವಿವರಿಸಿದ್ದಾರೆ. ಬಿಡಿಸಿಕೊಳ್ಳಲಾಗದ ಬಟ್ಟೆ ಮಾರಾಟಕ್ಕಿಳಿಯುತ್ತದೆ. ನೆಂಟರು ಉಡುಗೊರೆಯಾಗಿ ಕೊಟ್ಟದ್ದನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಒಯ್ಯಬಹುದು. ಮಡಿಸಿಟ್ಟ ಚಿನ್ನದ ಸರವನ್ನು ಸಂಜೆಗತ್ತಲಲ್ಲಿ ಸೇಠುವಿನ ಅಂಗಡಿಗೆ ಒಯ್ದ ನಮ್ಮ ತಾಯಂದಿರ ಸಂಕಟವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದನ್ನು ಬರಿಯ ಅವನತಿಯ ಕತೆಯೆಂದು ಮುಗಿಸಿದರೆ ತಪ್ಪಾದೀತು. ಒತ್ತೆಗೆ ಇಟ್ಟುಕೊಳ್ಳುತ್ತಾರೆಂದರೆ ಅದಕ್ಕೆ ಇನ್ನೂ ಬೆಲೆಯಿದೆ ಎಂದೇ ಲೆಕ್ಕ. ಅಂಥ ಬೆಲೆ ಉಳಿದಿರುವವರೆಗೆ ಕೊಡತಿಯ ಸದ್ದೂ ಉಳಿಯುತ್ತದೆ. ಪ್ರಶ್ನೆ ಇರುವುದು ಬಟ್ಟೆ ಉಳಿಯುವುದೇ ಎಂಬುದರಲ್ಲಲ್ಲ, ಅದರ ಸುತ್ತ ಕೂರುವ ಹೆಂಗಸರ ಸಾಲು ಉಳಿಯುವುದೇ ಎಂಬುದರಲ್ಲಿ. ಹಲಗೆಯ ಎರಡೂ ಬದಿಯಲ್ಲಿ ಕುಳಿತವರಲ್ಲಿ ಅತ್ತಿಗೆ, ನಾದಿನಿ, ನೆರೆಮನೆಯಾಕೆ, ಚರ್ಚಿನ ಗೆಳತಿ ಎಲ್ಲರೂ ಇರುತ್ತಾರೆ. ಇಂದು ಒಬ್ಬಳ ಬಟ್ಟೆ, ಮುಂದಿನ ಸಲ ಇನ್ನೊಬ್ಬಳದು. ಮುಯ್ಯಾಳಿನ ಲೆಕ್ಕ ಅದು. ದುಡ್ಡು ಕೊಟ್ಟು ಬಟ್ಟೆ ತರಬಹುದು, ಆ ಮುಯ್ಯನ್ನು ತರಲಾಗದು.

ವೆಲಿಂಗ್ಟನ್ನಿನ ಸಂಗ್ರಹಾಲಯದಲ್ಲಿರುವ ಲೌನಿಮಾಕ್ಕೆ ಈಗ ಯಾರ ಮದುವೆಯೂ ಇಲ್ಲ, ಯಾರ ಸಾವೂ ಇಲ್ಲ. ಅದರ ಕೈಬದಲಾವಣೆ ಮುಗಿದಿದೆ. ಟೊಂಗಾದ ಮಂಚಗಳ ಹಾಸಿಗೆಯ ಕೆಳಗೆ ಮಡಿಸಿಟ್ಟವು ಮಾತ್ರ ಮುಂದಿನ ಕರೆಗಾಗಿ ಕಾದಿವೆ.